ಸರ್ಕಾರಿ ಕಚೇರಿಯಲ್ಲಿ ತಾತ್ಕಾಲಿಕ ಗುಮಾಸ್ತ, ಡೇಟಾ ಎಂಟ್ರಿ ಕೆಲಸ: ಅರ್ಜಿ ಹಾಕುವುದರಿಂದ ಮೊದಲ ಸಂಬಳದವರೆಗೆ

ತಾಲ್ಲೂಕು ಕಚೇರಿ, ನಾಡಕಚೇರಿ, ಜಿಲ್ಲಾ ಪಂಚಾಯತ್, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸು, ಯಾವುದಕ್ಕೆ ಬೇಕಾದರೂ ಹೋಗಿ ನೋಡಿ. ಕಂಪ್ಯೂಟರ್ ಮುಂದೆ ಕೂತಿರುವವರಲ್ಲಿ ಎಷ್ಟೋ ಜನ ಕಾಯಂ ನೌಕರರಲ್ಲ. ಡೇಟಾ ಎಂಟ್ರಿ ಆಪರೇಟರ್, ಕಚೇರಿ ಸಹಾಯಕ, ಬೆರಳಚ್ಚುಗಾರ, ಗುಮಾಸ್ತ ಅಂತ ಬೇರೆ ಬೇರೆ ಹೆಸರಿನಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡುವವರು ಅವರು. ಡಿಗ್ರಿ ಮುಗಿಸಿ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವವರಿಗೆ, ಊರು ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳಿಗೆ, ಮನೆಗೆ ತಕ್ಷಣ ಒಂದು ಸಂಬಳ ಬೇಕಾಗಿರುವವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಆದರೆ ಈ ಕೆಲಸ ಹುಡುಕುವುದು ಹೇಗೆ, ಅರ್ಜಿಯಲ್ಲಿ ಏನು ಬರೆಯಬೇಕು, ಸೇರುವಾಗ ಯಾವ ಕಾಗದ ಕೇಳಿ ತೆಗೆದುಕೊಳ್ಳಬೇಕು ಅಂತ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾದರೂ ಪರವಾಗಿಲ್ಲ ಅಂತ ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದನ್ನು ಕೇಳಿ: ನನಗೆ ಸಂಬಳ ಕೊಡುವವರು ಯಾರು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಜನ ಇದನ್ನು ಕೇಳುವುದೇ ಇಲ್ಲ. "ಡಿಸಿ ಆಫೀಸಿನಲ್ಲಿ ಕೆಲಸ" ಅಂದ ತಕ್ಷಣ ಸರ್ಕಾರವೇ ನೇಮಕ ಮಾಡಿಕೊಳ್ಳುತ್ತದೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಒಂದೇ ಕೋಣೆಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಿಗೆ ಸಂಬಳ ಎರಡು ಬೇರೆ ಕಡೆಯಿಂದ ಬರುತ್ತಿರಬಹುದು.

ನೇರ ಗುತ್ತಿಗೆ ಅಂದರೆ ಇಲಾಖೆ ಅಥವಾ ಅದರ ಸೊಸೈಟಿ ನಿಮ್ಮ ಜೊತೆ ತಾನೇ ಒಪ್ಪಂದ ಮಾಡಿಕೊಳ್ಳುತ್ತದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹುದ್ದೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘ ಅನ್ನುವ ಸೊಸೈಟಿ ಪ್ರಕಟಣೆ ಹೊರಡಿಸುತ್ತದೆ, ಮೆರಿಟ್ ಮತ್ತು ಮೀಸಲಾತಿ ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಅನ್ನುವ ಪಟ್ಟಿ) ನೋಡಿ ಆಯ್ಕೆ ಮಾಡುತ್ತದೆ. ಒಪ್ಪಂದ ಸಾಮಾನ್ಯವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ಒಂದು ದಿನ ಬಿಟ್ಟು ಮತ್ತೆ ನವೀಕರಣ ಆಗುತ್ತದೆ.

ಹೊರಗುತ್ತಿಗೆ ಅಂದರೆ ಇಲಾಖೆ ಟೆಂಡರ್ ಕರೆದು ಒಂದು ಮಾನವ ಸಂಪನ್ಮೂಲ ಏಜೆನ್ಸಿಗೆ ಕೆಲಸ ಕೊಡುತ್ತದೆ, ಏಜೆನ್ಸಿ ನಿಮ್ಮನ್ನು ಕಳಿಸುತ್ತದೆ. ಕೆಲಸ ಹೇಳುವವರು ತಹಶೀಲ್ದಾರರು, ಸಂಬಳ ಹಾಕುವವರು ಏಜೆನ್ಸಿಯವರು. ಗುಮಾಸ್ತ ಮತ್ತು ಡೇಟಾ ಎಂಟ್ರಿ ಕೆಲಸಗಳು ಈಗ ಹೆಚ್ಚಾಗಿ ಹೀಗೇ ಸಿಗುತ್ತವೆ. ಕೆಲವು ಇಲಾಖೆಗಳು ಕಿಯೋನಿಕ್ಸ್‌ನಂಥ ಸರ್ಕಾರಿ ನಿಗಮದ ಮೂಲಕ ಜನರನ್ನು ಪಡೆಯುತ್ತವೆ. ಬೀದರ್ ಜಿಲ್ಲೆಯಲ್ಲಿ ಖಾಸಗಿ ಏಜೆನ್ಸಿಯ ಬದಲು ಸಹಕಾರ ಸಂಘದ ಮೂಲಕ ಸಿಬ್ಬಂದಿ ಕೊಡುವ ಪದ್ಧತಿ ಇದೆ. ನನ್ನ ಮಟ್ಟಿಗೆ ಅದು ಖಾಸಗಿ ಏಜೆನ್ಸಿಗಿಂತ ಮೇಲು, ಯಾಕೆಂದರೆ ನಡುವೆ ಲಾಭ ತಿನ್ನುವವರು ಇರುವುದಿಲ್ಲ.

ಇವೆರಡರ ಜೊತೆಗೆ ಗ್ರಾಮ ಪಂಚಾಯಿತಿಯ ಕ್ಲರ್ಕ್ ಕಂ ಡೇಟಾ ಎಂಟ್ರಿ ಆಪರೇಟರ್ ಹುದ್ದೆ ಇದೆ. ಅದರ ದಾರಿಯೇ ಬೇರೆ. ಅಲ್ಲಿ ನೇಮಕ ಮಾಡುವುದು ಪಂಚಾಯಿತಿ, ಆದರೆ ಜಿಲ್ಲಾ ಪಂಚಾಯತ್ ಸಿಇಒ ಅನುಮೋದನೆ ಬೇಕು. ಅನುಮೋದನೆ ಇಲ್ಲದೆ ಬರೀ ಅಧ್ಯಕ್ಷರ ಬಾಯಿಮಾತಿನ ಮೇಲೆ ಕೂತರೆ ಮುಂದೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಸೇರುವ ಮೊದಲೇ ಅನುಮೋದನೆಯ ಪ್ರತಿ ಕೇಳಿ.

ಕಾಯಂ ಆಗುತ್ತದಾ?

ಈ ಆಸೆ ಇಟ್ಟುಕೊಂಡೇ ತುಂಬ ಜನ ಸೇರುತ್ತಾರೆ, ಅದಕ್ಕೇ ಮೊದಲೇ ಹೇಳುತ್ತೇನೆ. ತಾತ್ಕಾಲಿಕ ಕೆಲಸ ತಾನಾಗಿ ಕಾಯಂ ಆಗುವುದಿಲ್ಲ. ಈ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ತೀರ್ಪು ಬಂದಿದ್ದೇ ನಮ್ಮ ರಾಜ್ಯದ ಪ್ರಕರಣದಲ್ಲಿ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿ ಮೇಲೆ ವರ್ಷಗಟ್ಟಲೆ ದುಡಿದವರ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಉಮಾದೇವಿ ಪ್ರಕರಣ ಅಂತ ಎಲ್ಲರೂ ಕರೆಯುವುದು ಇದನ್ನೇ. ಸರಿಯಾದ ನೇಮಕಾತಿ ಪ್ರಕ್ರಿಯೆ ಇಲ್ಲದೆ ಬಂದವರಿಗೆ, ಎಷ್ಟು ವರ್ಷ ಕೆಲಸ ಮಾಡಿದ್ದರೂ, ಕಾಯಂ ಮಾಡಿ ಅಂತ ಕೇಳುವ ಹಕ್ಕಿಲ್ಲ ಅಂತ ಅದು ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದಾಟಿದ ಕೆಲವರಿಗೆ ಮಾತ್ರ ಒಂದು ಸಲದ ವಿನಾಯಿತಿ ಕೊಟ್ಟಿತು.

2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಸರ್ಕಾರಗಳು ಉಮಾದೇವಿ ತೀರ್ಪನ್ನೇ ಗುರಾಣಿ ಮಾಡಿಕೊಂಡು ವರ್ಷಾನುಗಟ್ಟಲೆ ಜನರನ್ನು ತಾತ್ಕಾಲಿಕವಾಗಿ ದುಡಿಸಿಕೊಳ್ಳುವುದು ತಪ್ಪು ಅಂತ ಹೇಳಿ, ಕೇಂದ್ರ ಜಲ ಆಯೋಗದಲ್ಲಿ ದೀರ್ಘಕಾಲ ಕೆಲಸ ಮಾಡಿದ ಸ್ವಚ್ಛತಾ ಮತ್ತು ತೋಟದ ಕೆಲಸಗಾರರನ್ನು ಕಾಯಂ ಮಾಡಲು ಆದೇಶಿಸಿತು. ಗಾಳಿ ಸ್ವಲ್ಪ ತಿರುಗಿದೆ, ನಿಜ. ಆದರೆ ಇದನ್ನು ನಂಬಿ ಜೀವನ ಕಟ್ಟಬೇಡಿ. ಏಜೆನ್ಸಿ ಮೂಲಕ ಬಂದವರಿಗಂತೂ ಈ ವಾದ ಇನ್ನೂ ಕಷ್ಟ. "ಎರಡು ವರ್ಷ ಮಾಡಿ, ಪರ್ಮನೆಂಟ್ ಮಾಡಿಸ್ತೀನಿ" ಅಂತ ಯಾರಾದರೂ ದುಡ್ಡು ಕೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ, ಅಷ್ಟೇ.

ಎಲ್ಲಿ ಹುಡುಕುವುದು

ಈ ಕೆಲಸಗಳಿಗೆ ದೊಡ್ಡ ಜಾಹೀರಾತು ಬರುವುದಿಲ್ಲ. ಹುಡುಕುವವರಿಗೆ ಮಾತ್ರ ಕಾಣುತ್ತವೆ.

ನಿಮ್ಮ ಜಿಲ್ಲೆಯ ಅಧಿಕೃತ ವೆಬ್‌ಸೈಟಿನಲ್ಲಿ "ಸೂಚನೆಗಳು" ಅನ್ನುವ ಭಾಗದೊಳಗೆ "ನೇಮಕಾತಿ" ಅಂತ ಇರುತ್ತದೆ. ಅದನ್ನು ವಾರಕ್ಕೊಮ್ಮೆ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಜಿಲ್ಲಾ ಪಂಚಾಯತ್, ವಿಶ್ವವಿದ್ಯಾಲಯ, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಸೈಟುಗಳನ್ನೂ ಹಾಗೆಯೇ ನೋಡಿ. ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಎರಡು ಇಂಚಿನ ಪ್ರಕಟಣೆಯೊಂದು ಮೂಲೆಯಲ್ಲಿ ಬಂದಿರುತ್ತದೆ. ಕೊನೆಯ ದಿನಾಂಕಕ್ಕೆ ಒಂದು ವಾರವೂ ಇರುವುದಿಲ್ಲ. ಕಚೇರಿಗಳ ನೋಟಿಸ್ ಬೋರ್ಡನ್ನು ಹಳೇ ಕಾಲದ್ದು ಅಂತ ಬಿಡಬೇಡಿ. ಬೇರೆ ಕೆಲಸಕ್ಕೆ ಹೋದಾಗಲೂ ಒಂದು ಕಣ್ಣು ಹಾಯಿಸಿ.

ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿ ಇನ್ನೊಂದಿದೆ, ಅದೇ ಟೆಂಡರ್. ಹೊರಗುತ್ತಿಗೆ ಸಿಬ್ಬಂದಿ ಬೇಕಾದಾಗ ಇಲಾಖೆಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ, ಅಂದರೆ ಕೆಪಿಪಿಪಿಯಲ್ಲಿ, ಟೆಂಡರ್ ಹಾಕುತ್ತವೆ. ಕೆಲವು ಕಚೇರಿಗಳು ಕೇಂದ್ರ ಸರ್ಕಾರದ ಖರೀದಿ ತಾಣವಾದ ಜೆಮ್ ಪೋರ್ಟಲ್ ಬಳಸುತ್ತವೆ. ಆ ದಾಖಲೆ ಓದಿದರೆ ಎಷ್ಟು ಜನ ಬೇಕು, ಯಾವ ಅರ್ಹತೆ, ಎಷ್ಟು ತಿಂಗಳು, ಒಬ್ಬರಿಗೆ ಎಷ್ಟು ಸಂಬಳ ಅಂತ ತಿಳಿಯುತ್ತದೆ. ಟೆಂಡರ್ ಯಾರಿಗೆ ಆಯಿತು ಅಂತ ಕಚೇರಿಯ ಆಡಳಿತ ಶಾಖೆಯಲ್ಲಿ ಕೇಳಬಹುದು. ಆಮೇಲೆ ನೇರವಾಗಿ ಆ ಏಜೆನ್ಸಿಗೆ ನಿಮ್ಮ ಬಯೋಡೇಟಾ ಕಳಿಸಿ. ಪ್ರಕಟಣೆಗಾಗಿ ಕಾಯುತ್ತಾ ಕೂರುವವರಿಗಿಂತ ನೀವು ಎರಡು ಹೆಜ್ಜೆ ಮುಂದೆ ಇರುತ್ತೀರಿ. ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಫೆಬ್ರವರಿಯಿಂದ ಮೇ ತನಕ ಹೆಚ್ಚು ಗಮನ ಇರಲಿ. ಹಳೇ ಒಪ್ಪಂದಗಳು ಮುಗಿದು ಹೊಸವು ಶುರುವಾಗುವ ಹೊತ್ತು ಅದು.

ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲೂ ಹಾಕಿಡಿ. ಖರ್ಚೇನಿಲ್ಲ.

ಮೀಸಲಾತಿ ಬಗ್ಗೆಯೂ ಒಂದು ಮಾತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಬೇಕು, ಶೇ 33ರಷ್ಟು ಮಹಿಳೆಯರಿಗೆ ಕೊಡಬೇಕು ಅಂತ ಆದೇಶ ಮಾಡಿತು. 45 ದಿನಕ್ಕಿಂತ ಕಡಿಮೆ ಅವಧಿಯ ಕೆಲಸಕ್ಕೆ, 20ಕ್ಕಿಂತ ಕಡಿಮೆ ಜನರ ನೇಮಕಕ್ಕೆ ಇದು ಅನ್ವಯಿಸುವುದಿಲ್ಲ. ಏಜೆನ್ಸಿಯವರು "ನಮ್ಮಲ್ಲಿ ಕೆಟಗರಿ ಎಲ್ಲ ಇಲ್ಲ" ಅಂದರೆ ಈ ಆದೇಶವನ್ನು ನೆನಪಿಸಿ.

ಕಾಗದಪತ್ರ: ಪ್ರಕಟಣೆ ಬರುವ ಮೊದಲೇ ರೆಡಿ ಇರಲಿ

ಒಂದು ಫೈಲ್ ಮಾಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ (ಹುಟ್ಟಿದ ದಿನಾಂಕಕ್ಕೆ ಇದೇ ಆಧಾರ), ಪಿಯುಸಿ, ಡಿಗ್ರಿಯ ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ಕಂಪ್ಯೂಟರ್ ಕೋರ್ಸ್ ಸರ್ಟಿಫಿಕೇಟ್, ಬೆರಳಚ್ಚು ಪರೀಕ್ಷೆ ಪಾಸಾಗಿದ್ದರೆ ಅದು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ನಾಲ್ಕಾರು ಫೋಟೋ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಾದರೆ 371(ಜೆ) ಪ್ರಮಾಣಪತ್ರವೂ (ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯದು) ಬೇಕು. ಅದಕ್ಕೆ ಸಹಿ ಮಾಡುವವರು ಉಪವಿಭಾಗಾಧಿಕಾರಿ, ಹಾಗಾಗಿ ನಾಡಕಚೇರಿಯ ಬೇರೆ ಕಾಗದಗಳಿಗಿಂತ ಜಾಸ್ತಿ ಸಮಯ ಹಿಡಿಯುತ್ತದೆ.

ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ನಿಮ್ಮದು ಮುಗಿದಿದೆಯಾ ಅಂತ ಇವತ್ತೇ ನೋಡಿ. ಪ್ರಕಟಣೆ ಬಂದ ಮೇಲೆ ನಾಡಕಚೇರಿಗೆ ಅರ್ಜಿ ಹಾಕಿದರೆ, ಗ್ರಾಮ ಆಡಳಿತಾಧಿಕಾರಿಯ ವರದಿ ಆಗಿ, ಕಂದಾಯ ನಿರೀಕ್ಷಕರ ಕೈ ದಾಟಿ ಬರುವಷ್ಟರಲ್ಲಿ ಕೊನೇ ದಿನ ಹೋಗಿರುತ್ತದೆ.

ಹೆಸರು ಹೊಂದಾಣಿಕೆ ಇನ್ನೂ ದೊಡ್ಡ ತಲೆನೋವು. ಎಸ್‌ಎಸ್‌ಎಲ್‌ಸಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪ್ಯಾನ್‌ನಲ್ಲಿ ತಂದೆ ಹೆಸರು ಪೂರ್ತಿ. ಅರ್ಜಿಯಲ್ಲಿ ಇದು ದಾಟಿಹೋಗಬಹುದು, ಆದರೆ ಪಿಎಫ್ (ಭವಿಷ್ಯ ನಿಧಿ) ಖಾತೆ ತೆರೆಯುವಾಗ ಅಲ್ಲೇ ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಇರುವಂತೆಯೇ ಆಧಾರ್ ಸರಿಮಾಡಿಸಿ. ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಅದಕ್ಕೇ ಸೈಬರ್ ಸೆಂಟರ್‌ನವರ ಕೈಗೆ ಕೊಟ್ಟು ಬರಬೇಡಿ, ಪ್ರತಿ ಅಕ್ಷರ ನೀವೇ ನೋಡಿ.

ಎಲ್ಲವನ್ನೂ ಸ್ಕ್ಯಾನ್ ಮಾಡಿ, ಒಂದೊಂದು ಪಿಡಿಎಫ್‌ಗೂ ಅದು ಏನು ಅಂತ ಹೆಸರು ಕೊಟ್ಟು ಇಡಿ. ಜೆರಾಕ್ಸ್ ಪ್ರತಿಗಳ ಮೇಲೆ "ಸ್ವಯಂ ದೃಢೀಕರಿಸಿದ ಪ್ರತಿ" ಅಂತ ಬರೆದು ಸಹಿ, ದಿನಾಂಕ ಹಾಕಿ. ಮೂಲ ಅಂಕಪಟ್ಟಿಯನ್ನು ಮಾತ್ರ ಯಾವ ಏಜೆನ್ಸಿಗೂ ಬಿಟ್ಟು ಬರಬೇಡಿ. ತೋರಿಸಿ, ವಾಪಸ್ ತನ್ನಿ. "ಜಾಯಿನಿಂಗ್ ಆಗೋ ತನಕ ಇಟ್ಕೊಳ್ತೀವಿ" ಅಂದರೆ ಒಪ್ಪಬೇಡಿ. ಆಮೇಲೆ ಬೇರೆ ಕೆಲಸ ಸಿಕ್ಕಾಗ ಬಿಡಿಸಿಕೊಳ್ಳಲು ಆಗದೆ ಒದ್ದಾಡಿದವರನ್ನು ನೋಡಿ ಹೇಳುತ್ತಿದ್ದೇನೆ.

ಕನ್ನಡ ಟೈಪಿಂಗ್: ಇಲ್ಲೇ ಕೆಲಸ ಗೆಲ್ಲುವುದು

ಡಿಗ್ರಿ ಎಲ್ಲರ ಹತ್ತಿರ ಇದೆ. ಇಂಗ್ಲಿಷ್ ಟೈಪಿಂಗ್ ತಕ್ಕಮಟ್ಟಿಗೆ ಎಲ್ಲರಿಗೂ ಬರುತ್ತದೆ. ನೋಡದೆ, ತಪ್ಪಿಲ್ಲದೆ ಕನ್ನಡ ಟೈಪ್ ಮಾಡುವವರು ಮಾತ್ರ ಕಡಿಮೆ. ಕಚೇರಿಯ ಪತ್ರ, ಟಿಪ್ಪಣಿ, ನಡಾವಳಿ, ಆದೇಶ ಎಲ್ಲ ಕನ್ನಡದಲ್ಲೇ ಆಗಬೇಕು. ನಿಮ್ಮ ಹತ್ತಿರ ಒಂದೇ ತಿಂಗಳು ಇದೆ ಅಂದರೆ ಅದನ್ನು ಪೂರ್ತಿ ಇದಕ್ಕೇ ಕೊಡಿ.

ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮಾಡುವುದು ಇಲ್ಲಿ ನಡೆಯುವುದಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಇರುತ್ತದೆ. ಅದರ ಕೀಲಿಮಣೆಗೆ ಕಗಪ ಅಂತ ಹೆಸರು, ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಅದರ ಬುನಾದಿ. ಕಲಿಯಲು ಸುಲಭ: ಕೆ ಕೀ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರ ಬೇಕಾದಾಗ ನಡುವೆ ಎಫ್ ಕೀ. ಕ, ಎಫ್, ಷ ಒತ್ತಿದರೆ ಕ್ಷ ಆಗುತ್ತದೆ. ಮೊದಲು ಅರ್ಕಾವತ್ತು, ಮಹಾಪ್ರಾಣ ಇರುವ ಪದಗಳನ್ನು ಹೆಚ್ಚು ಮಾಡಿ: ಕಾರ್ಯನಿರ್ವಾಹಕ, ಅನುಷ್ಠಾನ, ಭೂಸ್ವಾಧೀನ, ಮುಖ್ಯಾಧಿಕಾರಿ. ಕಚೇರಿಯಲ್ಲಿ ದಿನವೂ ಬರುವ ಪದಗಳು ಇವೇ. ದಿನಪತ್ರಿಕೆಯ ಒಂದು ಸುದ್ದಿ ತೆಗೆದುಕೊಂಡು ಹಾಗೇ ಟೈಪ್ ಮಾಡುವುದು ಒಳ್ಳೆಯ ಅಭ್ಯಾಸ.

ಇನ್ನೊಂದು ವಿಷಯ ಗೊತ್ತಿದ್ದರೆ ಪರೀಕ್ಷೆ ತೆಗೆದುಕೊಳ್ಳುವವರು ತಕ್ಷಣ ಗುರುತಿಸುತ್ತಾರೆ. ಹಳೇ ನುಡಿಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಆಸ್ಕಿ ರೂಪದಲ್ಲಿ, ಅಂದರೆ ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುವ ಹಳೇ ರೂಪದಲ್ಲಿ ಇರುತ್ತವೆ. ಅವನ್ನು ಹಾಗೇ ಪೋರ್ಟಲ್‌ಗೆ ಅಂಟಿಸಿದರೆ ಅಕ್ಷರ ಎಲ್ಲ ಗೋಜಲು ಆಗುತ್ತದೆ. ಎಲ್ಲ ಕಂಪ್ಯೂಟರ್‌ನಲ್ಲೂ ಓದಲು ಬರುವ ಯೂನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಹಾಕಬೇಕು. ಪರಿವರ್ತಕ ಬಳಸುವುದನ್ನು ಕಲಿತಿಡಿ, ಪರಿವರ್ತಿಸಿದ ಮೇಲೆ ಒತ್ತಕ್ಷರ, ಅಂಕಿಗಳನ್ನು ಒಮ್ಮೆ ಓದಿ ಸರಿಪಡಿಸಿ.

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ನಡೆಸುವ ವಾಣಿಜ್ಯ ಪರೀಕ್ಷೆಯಲ್ಲಿ ಕನ್ನಡ ಬೆರಳಚ್ಚು ಜೂನಿಯರ್, ಸೀನಿಯರ್ ಅಂತ ಇವೆ. ಎರಡನ್ನೂ ಪಾಸು ಮಾಡಿಕೊಂಡರೆ ಈ ತಾತ್ಕಾಲಿಕ ಕೆಲಸಕ್ಕೂ ತೂಕ, ಮುಂದೆ ಜಿಲ್ಲಾ ನ್ಯಾಯಾಲಯಗಳ ಬೆರಳಚ್ಚುಗಾರ ಹುದ್ದೆಗೂ ಬೇಕೇ ಬೇಕು. ಹಳೇ ಟೈಪಿಂಗ್ ಇನ್‌ಸ್ಟಿಟ್ಯೂಟ್ ಊರಲ್ಲಿ ಇನ್ನೂ ನಡೆಯುತ್ತಿದ್ದರೆ ಸೇರಿಬಿಡಿ, ಯೋಚಿಸಬೇಡಿ.

ಎಕ್ಸೆಲ್‌ನಲ್ಲಿ ಸಾರ್ಟ್, ಫಿಲ್ಟರ್, ವಿ-ಲುಕಪ್, ಪೈವಟ್ ಇಷ್ಟು ಬಂದರೆ ಸಾಕು. ವರ್ಡ್‌ನಲ್ಲಿ ಮೇಲ್ ಮರ್ಜ್ ಕಲಿಯಿರಿ. ಇನ್ನೂರು ಫಲಾನುಭವಿಗಳಿಗೆ ಒಂದೇ ನೋಟಿಸ್ ಹೆಸರು ಬದಲಿಸಿ ಕಳಿಸುವುದು ಕಚೇರಿಯಲ್ಲಿ ಆಗಾಗ ಬರುವ ಕೆಲಸ, ಅದನ್ನು ಹತ್ತು ನಿಮಿಷದಲ್ಲಿ ಮುಗಿಸಿಕೊಡುವವರನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಅರ್ಜಿ ಬರೆಯುವುದು

ಪ್ರಕಟಣೆಯನ್ನು ಎರಡು ಸಲ ಓದಿ. ನಮೂನೆ ಕೊಟ್ಟಿದ್ದರೆ ಅದರಲ್ಲೇ ತುಂಬಿ, ನಿಮ್ಮದೇ ನಮೂನೆ ಮಾಡಬೇಡಿ. ನಮೂನೆ ಇಲ್ಲದಿದ್ದರೆ ಒಂದು ಪುಟದ ಮನವಿ, ಅದರ ಹಿಂದೆ ಬಯೋಡೇಟಾ, ಅದರ ಹಿಂದೆ ದಾಖಲೆಗಳು. ಮನವಿ ಹೀಗಿರಲಿ:

ಇವರಿಗೆ,
ಸದಸ್ಯ ಕಾರ್ಯದರ್ಶಿಗಳು,
(ಪ್ರಕಟಣೆಯಲ್ಲಿ ಇರುವಂತೆಯೇ ಕಚೇರಿಯ ಹೆಸರು, ವಿಳಾಸ)

ಮಾನ್ಯರೇ,

ವಿಷಯ: ಡೇಟಾ ಎಂಟ್ರಿ ಆಪರೇಟರ್ ಹುದ್ದೆಗೆ ಗುತ್ತಿಗೆ ಆಧಾರದ ಮೇಲೆ ಆಯ್ಕೆ ಕೋರಿ ಅರ್ಜಿ.
ಉಲ್ಲೇಖ: ತಮ್ಮ ಕಚೇರಿಯ ಪ್ರಕಟಣೆ ಸಂಖ್ಯೆ ......, ದಿನಾಂಕ ......

ಮೇಲ್ಕಂಡ ಪ್ರಕಟಣೆಗೆ ಸಂಬಂಧಿಸಿದಂತೆ, ನಾನು ...... ತಾಲ್ಲೂಕಿನ ...... ಗ್ರಾಮದ ನಿವಾಸಿ. ಬಿ.ಕಾಂ. ಪದವಿಯನ್ನು ಶೇ ...... ಅಂಕಗಳೊಂದಿಗೆ ಪೂರೈಸಿದ್ದೇನೆ. ಕನ್ನಡ ಬೆರಳಚ್ಚು ಸೀನಿಯರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೇನೆ. ನುಡಿ ತಂತ್ರಾಂಶದಲ್ಲಿ ಯೂನಿಕೋಡ್ ಬೆರಳಚ್ಚು, ಎಕ್ಸೆಲ್ ಮತ್ತು ವರ್ಡ್ ಬಳಕೆ ತಿಳಿದಿದೆ. ಪ್ರಕಟಣೆಯಲ್ಲಿ ಕೇಳಿರುವ ದಾಖಲೆಗಳ ಸ್ವಯಂ ದೃಢೀಕೃತ ಪ್ರತಿಗಳನ್ನು ಲಗತ್ತಿಸಿದ್ದೇನೆ. ಸದರಿ ಹುದ್ದೆಗೆ ನನ್ನನ್ನು ಪರಿಗಣಿಸಬೇಕೆಂದು ಕೋರುತ್ತೇನೆ.

ಸ್ಥಳ, ದಿನಾಂಕ, ತಮ್ಮ ವಿಶ್ವಾಸಿ, ಸಹಿ.
ಲಗತ್ತು: ದಾಖಲೆಗಳ ಪಟ್ಟಿ, ಪುಟ ಸಂಖ್ಯೆ ಸಮೇತ.

ಇಷ್ಟೇ ಸಾಕು. ಮನೆ ಕಷ್ಟ ಬರೆಯುವ ಅಗತ್ಯ ಇಲ್ಲ. ಅದು ಎಷ್ಟೇ ನಿಜ ಇದ್ದರೂ ಆಯ್ಕೆ ಪಟ್ಟಿಯಲ್ಲಿ ಅಂಕ ಆಗುವುದಿಲ್ಲ. ಉಲ್ಲೇಖದ ಸಾಲು ಬಿಡಬೇಡಿ. ಕಡತ ನೋಡುವ ಕೇಸ್ ವರ್ಕರ್ ಅದನ್ನು ನೋಡಿಯೇ ನಿಮ್ಮ ಅರ್ಜಿಯನ್ನು ಯಾವ ಕಡತಕ್ಕೆ ಸೇರಿಸಬೇಕು ಅಂತ ತಿಳಿಯುತ್ತಾರೆ. ಲಕೋಟೆ ಮೇಲೆ ಹುದ್ದೆಯ ಹೆಸರು ದೊಡ್ಡದಾಗಿ ಬರೆಯಿರಿ.

ಶೇಕಡಾವಾರು ಲೆಕ್ಕ ನೀವೇ ಹಾಕಿ. ಎಸ್‌ಎಸ್‌ಎಲ್‌ಸಿ 625ಕ್ಕೆ, ಪಿಯುಸಿ 600ಕ್ಕೆ. ಡಿಗ್ರಿಗೆ ಎಲ್ಲ ಸೆಮಿಸ್ಟರ್ ಕೂಡಿಸಿ. ಸಿಜಿಪಿಎ ಇದ್ದರೆ ವಿಶ್ವವಿದ್ಯಾಲಯದ ಪರಿವರ್ತನಾ ಸೂತ್ರ ಲಗತ್ತಿಸಿ, ಇಲ್ಲದಿದ್ದರೆ ಅವರವರಿಗೆ ತೋಚಿದಂತೆ ಲೆಕ್ಕ ಹಾಕುತ್ತಾರೆ.

ಖುದ್ದಾಗಿ ಕೊಡುವಾಗ ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ, ಸಹಿ, ದಿನಾಂಕ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ಆಮೇಲೆ ಹಾಕ್ತೀವಿ" ಅಂದರೆ ಅಲ್ಲೇ ನಿಂತುಕೊಳ್ಳಿ. ಮರ್ಯಾದೆಯಿಂದಲೇ "ಒಂದು ಸೀಲ್ ಹಾಕಿಕೊಡಿ ಮೇಡಂ, ಊರಿಂದ ಬಂದಿದ್ದೀನಿ" ಅನ್ನಿ, ಹಾಕಿಕೊಡುತ್ತಾರೆ. ದೂರ ಇದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅರ್ಜಿ ಕೊನೇ ದಿನದೊಳಗೆ ತಲುಪಿರಬೇಕು, ಕಳಿಸಿರಬೇಕು ಅಂತಲ್ಲ.

ದುಡ್ಡು ಕೇಳಿದರೆ

ತಾತ್ಕಾಲಿಕ ಹುದ್ದೆಗೆ ಸಾಮಾನ್ಯವಾಗಿ ಅರ್ಜಿ ಶುಲ್ಕ ಇರುವುದಿಲ್ಲ. ಇದ್ದರೂ ಅದು ಪ್ರಕಟಣೆಯಲ್ಲಿ ಅಚ್ಚಾಗಿರುತ್ತದೆ, ಡಿಡಿ ಅಥವಾ ಚಲನ್ ಮೂಲಕ ಕಚೇರಿಯ ಖಾತೆಗೆ ಹೋಗುತ್ತದೆ. ಯಾರದೋ ಫೋನ್‌ಪೇ ನಂಬರಿಗೆ ಹೋಗುವ ಯಾವ ಹಣವೂ ಶುಲ್ಕ ಅಲ್ಲ. "ಡೆಪಾಸಿಟ್", "ಯೂನಿಫಾರಂ ಚಾರ್ಜ್", "ಟ್ರೇನಿಂಗ್ ಫೀ", "ಸಾಹೇಬ್ರಿಗೆ" ಅಂತ ಯಾವ ಹೆಸರಿನಲ್ಲಿ ಕೇಳಿದರೂ ಕೊಡಬೇಡಿ. ಹದಿಮೂರು ಸಾವಿರದ ಸಂಬಳಕ್ಕೆ ಲಕ್ಷ ಸಾಲ ಮಾಡಿ ಕೊಟ್ಟವರು, ಏಳೆಂಟು ತಿಂಗಳಲ್ಲಿ ಟೆಂಡರ್ ಬದಲಾಗಿ ಮನೆಗೆ ಬಂದವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಸರ್ಕಾರಿ ನೌಕರರೇ ಕೇಳಿದ್ದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು, ಹೊರಗಿನವರು ಮೋಸ ಮಾಡಿದರೆ ಪೊಲೀಸ್ ಠಾಣೆಗೆ. ಫೋನ್‌ಪೇ, ಗೂಗಲ್ ಪೇಯಲ್ಲಿ ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಪರೀಕ್ಷೆ, ಸಂದರ್ಶನ

ಒಂದು ಪತ್ರ ಕನ್ನಡದಲ್ಲಿ ಟೈಪ್ ಮಾಡಿಸುತ್ತಾರೆ, ಒಂದು ಕೋಷ್ಟಕ ಮಾಡಿಸುತ್ತಾರೆ. ಸಂದರ್ಶನ ಇದ್ದರೆ ಹತ್ತು ನಿಮಿಷ ಮಾತು. ಟಪಾಲು ಬಂದರೆ ಏನು ಮಾಡುತ್ತೀರಿ, ಆವಕ ಮತ್ತು ಜಾವಕ ವಹಿಯ ವ್ಯತ್ಯಾಸ ಏನು, ಇ-ಆಫೀಸ್ ಅಂದರೇನು, ಸಕಾಲ ಅಂದರೇನು, ಮಾಹಿತಿ ಹಕ್ಕು ಅರ್ಜಿಗೆ ಎಷ್ಟು ದಿನದಲ್ಲಿ ಉತ್ತರ ಕೊಡಬೇಕು (30 ದಿನ), ಇಂಥವು ಬರುತ್ತವೆ. ನೀವು ಅರ್ಜಿ ಹಾಕಿದ ಇಲಾಖೆಯ ತಂತ್ರಾಂಶದ ಹೆಸರು ತಿಳಿದಿರಲಿ: ಕಂದಾಯ ಇಲಾಖೆಯಲ್ಲಿ ಭೂಮಿ, ನೋಂದಣಿಯಲ್ಲಿ ಕಾವೇರಿ, ಪಂಚಾಯಿತಿಯಲ್ಲಿ ಇ-ಸ್ವತ್ತು ಮತ್ತು ಪಂಚತಂತ್ರ, ಬಿಲ್ಲು ಪಾವತಿಗೆ ಖಜಾನೆ-2. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ.

ಸೇರುವ ದಿನ

ಆದೇಶದ ಪ್ರತಿ ಇಲ್ಲದೆ ಸೇರಬೇಡಿ. ಹುದ್ದೆಯ ಹೆಸರು, ಕೆಲಸದ ಸ್ಥಳ, ಎಂದಿನಿಂದ ಎಂದಿನವರೆಗೆ, ತಿಂಗಳ ಸಂಬಳ ಎಷ್ಟು, ಅದರಲ್ಲಿ ಕಡಿತ ಎಷ್ಟು ಅಂತ ಅದರಲ್ಲಿ ಬರೆದಿರಬೇಕು. ಕೆಲಸಕ್ಕೆ ಹಾಜರಾದೆ ಅಂತ ನೀವು ಕೊಡುವ ವರದಿ ಪತ್ರಕ್ಕೂ ಸ್ವೀಕೃತಿ ಹಾಕಿಸಿಕೊಳ್ಳಿ. ಏಜೆನ್ಸಿ ಮೂಲಕ ಆದರೆ ಏಜೆನ್ಸಿಯ ನೇಮಕ ಪತ್ರದ ಜೊತೆ, ನಿಮ್ಮನ್ನು ಈ ಕಚೇರಿಗೆ ನಿಯೋಜಿಸಿದ ಪತ್ರದ ಪ್ರತಿಯನ್ನೂ ಕೇಳಿ. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ, ದಿನಾಂಕ ಇಲ್ಲದ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಡಿ.

ಯುವನಿಧಿ ಹಣ ಬರುತ್ತಿದ್ದರೆ ಕೆಲಸ ಸಿಕ್ಕಿದ್ದನ್ನು ತಿಳಿಸಿ ನಿಲ್ಲಿಸಿ. ಪಿಎಫ್ ದಾಖಲೆಯಿಂದ ಅದು ಹೇಗೂ ಗೊತ್ತಾಗುತ್ತದೆ.

ಸಂಬಳದ ಲೆಕ್ಕ, ಇದನ್ನು ಪೆನ್ನು ಹಿಡಿದು ಓದಿ

ಲೆಕ್ಕ ಸುಲಭ ಆಗಲಿ ಅಂತ ತಿಂಗಳ ವೇತನ 15,000 ಅಂದುಕೊಳ್ಳೋಣ. ನಿಮ್ಮ ಪಾಲಿನ ಪಿಎಫ್ ಶೇ 12, ಅಂದರೆ 1,800. ನಿಮ್ಮ ಪಾಲಿನ ಇಎಸ್‌ಐ (ನೌಕರರ ವಿಮೆ) ಶೇ 0.75, ಅಂದರೆ 113. ಕೈಗೆ ಬರಬೇಕಾದದ್ದು 13,087. ಮಾಲೀಕರ ಪಾಲು ಬೇರೆ: ಪಿಎಫ್‌ಗೆ ಇನ್ನೊಂದು ಶೇ 12, ಇಎಸ್‌ಐಗೆ ಶೇ 3.25, ಅಂದರೆ 1,800 ಮತ್ತು 488. ಇದನ್ನು ಏಜೆನ್ಸಿ ಕಟ್ಟಬೇಕು, ಅದಕ್ಕಾಗಿ ಇಲಾಖೆ ಏಜೆನ್ಸಿಗೆ ಹಣ ಕೊಡುತ್ತದೆ.

ಮೋಸ ನಡೆಯುವುದು ಇಲ್ಲೇ. ಕೆಲವರು ಮಾಲೀಕರ ಪಾಲನ್ನೂ ನಿಮ್ಮ 15,000ದಲ್ಲೇ ಮುರಿದುಕೊಳ್ಳುತ್ತಾರೆ. ಆಗ ಕೈಗೆ ಬರುವುದು 10,799. ತಿಂಗಳಿಗೆ 2,288 ರೂಪಾಯಿ ಹೋಯಿತು. ವರ್ಷಕ್ಕೆ ಲೆಕ್ಕ ಹಾಕಿದರೆ 27 ಸಾವಿರ ದಾಟುತ್ತದೆ. ಟೆಂಡರ್ ದಾಖಲೆ ಓದಿ ಅಂತ ಮೊದಲೇ ಹೇಳಿದ್ದು ಇದಕ್ಕೇ. ಇಲಾಖೆ ನಿಮ್ಮ ವೇತನ ಅಂತ ಎಷ್ಟು ತೋರಿಸಿದೆ, ಮಾಲೀಕರ ಪಾಲು ಅಂತ ಎಷ್ಟು ತೋರಿಸಿದೆ ಅಂತ ನೋಡಿ, ನಿಮ್ಮ ಪೇ ಸ್ಲಿಪ್ ಪಕ್ಕದಲ್ಲಿಡಿ. ರಾಜ್ಯದ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ನಿಮ್ಮ ಸಂಬಳ ಆ ಕನಿಷ್ಠ ವೇತನಕ್ಕಿಂತ ಕಡಿಮೆ ಇರುವಂತಿಲ್ಲ.

ಮೊದಲ ತಿಂಗಳಲ್ಲೇ ಯುಎಎನ್ ನಂಬರ್ (ನಿಮ್ಮ ಪಿಎಫ್‌ನ ಗುರುತಿನ ಸಂಖ್ಯೆ) ಕೇಳಿ ಪಡೆಯಿರಿ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ನೋಡಿ. ಹಿಂದಿನ ತಿಂಗಳ ಪಿಎಫ್ ಅನ್ನು ಈ ತಿಂಗಳ 15ರೊಳಗೆ ಕಟ್ಟಬೇಕು. ಸಂಬಳದಲ್ಲಿ ಮುರಿದುಕೊಂಡು ಪಾಸ್‌ಬುಕ್ಕಿನಲ್ಲಿ ಕಾಣದಿದ್ದರೆ ಎರಡನೇ ತಿಂಗಳೇ ಕೇಳಿ. ವರ್ಷ ಕಳೆದು, ಏಜೆನ್ಸಿ ಬದಲಾದ ಮೇಲೆ ಹಳಬರನ್ನು ಹುಡುಕುವುದು ತುಂಬ ಕಷ್ಟ. ಇಎಸ್‌ಐ ಕಾರ್ಡನ್ನೂ ಬಿಡಬೇಡಿ. ವೇತನ 21,000 ದಾಟದವರಿಗೆ, ಮನೆಯವರಿಗೂ ಸೇರಿ, ಚಿಕಿತ್ಸೆ ಸಿಗುತ್ತದೆ. ಹಿಂದಿನ ಎರಡು ವಂತಿಗೆ ಅವಧಿಯಲ್ಲಿ (ಒಂದೊಂದು ಅವಧಿ ಆರು ತಿಂಗಳು) ಕನಿಷ್ಠ 70 ದಿನದ ವಂತಿಗೆ ಇದ್ದರೆ 26 ವಾರದ ಹೆರಿಗೆ ಸೌಲಭ್ಯವೂ ಇದೆ. ಹೊರಗುತ್ತಿಗೆಯವರಿಗೆ ಹೆರಿಗೆ ರಜೆ ಇಲ್ಲ ಅಂತ ಹೇಳಿ ಎಷ್ಟೋ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸಿದ್ದಾರೆ. ಅದು ಸರಿಯಲ್ಲ.

ಸಂಬಳ ತಿಂಗಳು ಮುಗಿದ 7 ದಿನದೊಳಗೆ ಆಗಬೇಕು. "ಬಿಲ್ಲು ಪಾಸಾಗಿಲ್ಲ" ಅಂತ ಮೂರು ನಾಲ್ಕು ತಿಂಗಳು ತಳ್ಳುವುದು ಸಾಮಾನ್ಯ ಆಗಿಬಿಟ್ಟಿದೆ. ಏಜೆನ್ಸಿ ಕೊಡದಿದ್ದರೆ ಕೊಡುವ ಹೊಣೆ ಮೂಲ ಮಾಲೀಕರ ಮೇಲೆ, ಅಂದರೆ ಕಚೇರಿಯ ಮೇಲೆ ಬರುತ್ತದೆ. ಮೊದಲು ಕಚೇರಿ ಮುಖ್ಯಸ್ಥರಿಗೆ ಲಿಖಿತ ಮನವಿ ಕೊಡಿ, ಎಲ್ಲರೂ ಸೇರಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಆಗದಿದ್ದರೆ ಕಾರ್ಮಿಕ ಅಧಿಕಾರಿಯ ಕಚೇರಿ ಇದೆ. ಏಜೆನ್ಸಿಗೆ ಬಿಲ್ಲು ಪಾವತಿ ಆಗಿದೆಯಾ ಅಂತ ತಿಳಿಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು.

ಕೆಲಸದಲ್ಲಿ ಒಂದು ಎಚ್ಚರಿಕೆ

ಕಚೇರಿಗಳಲ್ಲಿ ಸಾಹೇಬರ ಲಾಗಿನ್, ಪಾಸ್‌ವರ್ಡ್, ಡಿಜಿಟಲ್ ಸಹಿಯ ಕೀ ಎಲ್ಲ ಆಪರೇಟರ್ ಕೈಯಲ್ಲಿ ಇರುವುದು ಉಂಟು. "ನೀನೇ ಅಪ್ರೂವ್ ಮಾಡಿಬಿಡಪ್ಪ" ಅನ್ನುತ್ತಾರೆ. ನಂಬಿಕೆಯಿಂದಲೇ ಹೇಳಿರಬಹುದು. ಆದರೆ ನಾಳೆ ಒಂದು ಪಹಣಿಯಲ್ಲಿ ಹೆಸರು ತಪ್ಪಾಗಿ ಬದಲಾದರೆ, ಒಂದು ಪಿಂಚಣಿ ಅನರ್ಹರಿಗೆ ಮಂಜೂರಾದರೆ, ಮೊದಲು ಸಿಕ್ಕಿಬೀಳುವವರು ತಾತ್ಕಾಲಿಕ ನೌಕರರು. ಕಾಯಂ ನೌಕರರಿಗೆ ಇಲಾಖಾ ವಿಚಾರಣೆ ಆದರೂ ಇದೆ, ನಿಮ್ಮನ್ನು ಅವತ್ತೇ ತೆಗೆದುಹಾಕಬಹುದು, ಪೊಲೀಸ್ ಕೇಸೂ ಆಗಬಹುದು. ನಮೂದು ಮಾಡುವುದು ನಿಮ್ಮ ಕೆಲಸ, ಅನುಮೋದನೆ ಅಧಿಕಾರಿಯದು. "ಸರ್, ನಾನು ಎಂಟ್ರಿ ಹಾಕಿಟ್ಟಿದ್ದೀನಿ, ನೀವು ಬಂದು ಹೆಬ್ಬೆಟ್ಟು ಕೊಡಿ" ಅಂತ ಮೊದಲ ವಾರದಿಂದಲೇ ಹೇಳಲು ಶುರು ಮಾಡಿ. ಆಮೇಲೆ ಹೇಳಲು ಮುಜುಗರ ಆಗುತ್ತದೆ.

ಅವಧಿ ಮುಗಿಯುವ ಮೊದಲು

ಕೊನೇ ತಿಂಗಳಲ್ಲಿ ಅನುಭವ ಪ್ರಮಾಣಪತ್ರ ಪಡೆಯಿರಿ. ಏಜೆನ್ಸಿಯದ್ದು ಒಂದು, ಕೆಲಸ ಮಾಡಿದ ಕಚೇರಿಯ ಮುಖ್ಯಸ್ಥರದ್ದು ಒಂದು. ಅವಧಿ, ಹುದ್ದೆ, ಬಳಸಿದ ತಂತ್ರಾಂಶದ ಹೆಸರು ಅದರಲ್ಲಿ ಇರಲಿ. ಅಧಿಕಾರಿಗೆ ವರ್ಗಾವಣೆ ಆಗುವ ಸುದ್ದಿ ಕೇಳಿದರೆ ಇನ್ನೂ ಬೇಗ ತೆಗೆದುಕೊಳ್ಳಿ. ಹೊಸಬರಿಗೆ ನಿಮ್ಮ ಕೆಲಸ ಗೊತ್ತಿರುವುದಿಲ್ಲ. ಟೆಂಡರ್ ಬೇರೆ ಏಜೆನ್ಸಿಗೆ ಹೋದರೆ ಸಾಮಾನ್ಯವಾಗಿ ಇರುವ ಸಿಬ್ಬಂದಿಯನ್ನೇ ಮುಂದುವರಿಸುತ್ತಾರೆ, ಆದರೆ ಅದು ತಾನಾಗಿ ಆಗುವುದಿಲ್ಲ. ಹೊಸ ಏಜೆನ್ಸಿಗೆ ನೀವೇ ದಾಖಲೆ ಕೊಡಬೇಕು, ಹಳೇ ಯುಎಎನ್ ನಂಬರನ್ನೇ ಕೊಡಬೇಕು. ಹೊಸದು ಮಾಡಿಸಿದರೆ ಪಿಎಫ್ ಎರಡು ಕಡೆ ಚದುರಿಹೋಗುತ್ತದೆ.

ಈ ಅವಧಿಯಲ್ಲಿ ಓದು ನಿಲ್ಲಿಸಬೇಡಿ. ದ್ವಿತೀಯ ದರ್ಜೆ ಸಹಾಯಕ, ಪ್ರಥಮ ದರ್ಜೆ ಸಹಾಯಕ, ಗ್ರಾಮ ಆಡಳಿತಾಧಿಕಾರಿ ಹುದ್ದೆಗಳ ವಯೋಮಿತಿ ಮೂಲ ನಿಯಮದಲ್ಲಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ಸರ್ಕಾರ ಆಗಾಗ ಸಡಿಲಿಕೆ ಕೊಡುತ್ತದೆ, ಅಧಿಸೂಚನೆ ನೋಡಿಕೊಳ್ಳಿ. ಕಡ್ಡಾಯ ಕನ್ನಡ ಪತ್ರಿಕೆ 150 ಅಂಕದ್ದು, 50 ಬರಲೇಬೇಕು. ದಿನವೂ ಕಚೇರಿಯಲ್ಲಿ ಪತ್ರ ಬರೆಯುತ್ತಿದ್ದರೆ ಅದಕ್ಕೆ ಬೇರೆ ತಯಾರಿ ಹೆಚ್ಚು ಬೇಕಾಗುವುದಿಲ್ಲ. ಕೆಲಸಕ್ಕೆ ಸೇರುವಾಗಲೇ ಸಂಜೆ ಎಷ್ಟು ಗಂಟೆಗೆ ಬಿಡುತ್ತಾರೆ, ಭಾನುವಾರ ಬರಬೇಕಾ ಅಂತ ಕೇಳಿ ತಿಳಿದುಕೊಳ್ಳಿ, ಓದುವ ಸಮಯವನ್ನು ಅದರ ಮೇಲೆ ಹೊಂದಿಸಿಕೊಳ್ಳಿ.